ಆಕ್ಸಿಮೀಟರ್ 98 ತೋರಿಸುತ್ತದೆ, ಆದರೂ ಉಸಿರು ಸಾಲುತ್ತಿಲ್ಲ ಏಕೆ?

ಪ್ರಶ್ನೆ: ನನಗೆ 42 ವರ್ಷ. ಬಸವೇಶ್ವರನಗರದಲ್ಲಿ ಮನೆ, ಹತ್ತಿರದ ಶಾಲೆಯಲ್ಲಿ ಟೀಚರ್. ಐದು ತಿಂಗಳಿಂದ ಉಸಿರು ಪೂರ್ತಿ ಒಳಗೆ ಹೋಗುತ್ತಿಲ್ಲ ಅನ್ನಿಸುತ್ತದೆ. ಎಷ್ಟು ಎಳೆದುಕೊಂಡರೂ ಒಂದು ಗುಟುಕು ಬಾಕಿ ಉಳಿದ ಹಾಗೆ. ಆಕಳಿಕೆ ಬಂದರೆ ಒಂದು ಕ್ಷಣ ಹಾಯೆನಿಸುತ್ತದೆ, ಮತ್ತೆ ಶುರು. ಮೆಜೆಸ್ಟಿಕ್ ಮೆಟ್ರೋದಲ್ಲಿ ಮೆಟ್ಟಿಲು ಹತ್ತುವಾಗ ಏನೂ ಆಗುವುದಿಲ್ಲ. ಸುಮ್ನೆ ಕೂತು ಪೇಪರ್ ತಿದ್ದುವಾಗ, ರಾತ್ರಿ ಟಿವಿ ಮುಂದೆ ಕೂತಾಗ ಜಾಸ್ತಿ. ಕೆಲವು ಸಲ ಬೆರಳು, ತುಟಿ ಜುಮ್ ಅನ್ನುತ್ತವೆ. ಇಸಿಜಿ, ಎಕೋ, ಎಕ್ಸ್‌-ರೇ ಎಲ್ಲ ನಾರ್ಮಲ್. ಆಕ್ಸಿಮೀಟರ್ ದಿನಕ್ಕೆ ಇಪ್ಪತ್ತು ಸಲ ನೋಡುತ್ತೇನೆ, 98ಕ್ಕಿಂತ ಕೆಳಗೆ ಇಳಿದಿಲ್ಲ. ಒಬ್ಬ ಡಾಕ್ಟರು ಗ್ಯಾಸ್ ಎಂದರು, ಇನ್ನೊಬ್ಬರು ಟೆನ್ಷನ್ ಎಂದರು. ಮೆಡಿಕಲ್ ಸ್ಟೋರಿನವರು ಒಂದು ಚಿಕ್ಕ ಮಾತ್ರೆ ಕೊಟ್ಟರು, ಆಲ್‌ಪ್ರಜೋಲಮ್ ಅಂತೆ. ವಿಡಿಯೋ ನೋಡಿ ಕಪಾಲಭಾತಿ ಮಾಡಿದೆ, ತಲೆ ಸುತ್ತಿತು. ಕುಂದಾಪುರದ ಅಕ್ಕನ ಮನೆಗೆ ಹೋಗಿದ್ದಾಗ ನಾಲ್ಕು ದಿನ ಚೆನ್ನಾಗಿದ್ದೆ. ಬೆಂಗಳೂರು ಎತ್ತರದಲ್ಲಿರುವುದಕ್ಕೆ ಹೀಗಾಗುತ್ತದೆಯೇ? ಕಳೆದ ವರ್ಷ ಅಮ್ಮ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಕೊನೆಯ ಮೂರು ವಾರ ನಾನೇ ಪಕ್ಕದಲ್ಲಿದ್ದೆ. ನನ್ನ ಯಜಮಾನರು "ಎಲ್ಲಾ ನಾರ್ಮಲ್ ಇದೆಯಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದೀಯ" ಎನ್ನುತ್ತಾರೆ. ನಾನು ನಾಟಕ ಮಾಡುತ್ತಿದ್ದೇನಾ ಡಾಕ್ಟ್ರೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಇಲ್ಲ. ನೀವು ನಾಟಕ ಮಾಡುತ್ತಿಲ್ಲ. ನಿಮಗೆ ಆಗುತ್ತಿರುವ ಸಂಕಟ ನಿಜವಾದದ್ದು. ಎದೆರೋಗದ ವೈದ್ಯನಾಗಿ ಬೆಂಗಳೂರಿನ ಓಪಿಡಿಯಲ್ಲಿ ಇದೇ ಮಾತನ್ನು ಬಹಳ ಜನರಿಂದ ಕೇಳಿದ್ದೇನೆ. "ಒಂದು ಗುಟುಕು ಬಾಕಿ" ಎಂದು ನೀವು ಬರೆದಿದ್ದೀರಲ್ಲ, ಅದಕ್ಕಿಂತ ಸರಿಯಾಗಿ ಇದನ್ನು ಹೇಳಲು ನನಗೂ ಬರುವುದಿಲ್ಲ.

ತೊಡಕು ಇರುವುದು ಇಲ್ಲಿ: ಉಸಿರಾಟ ಬೇರೆ, ಉಸಿರು ಸಾಲುತ್ತಿಲ್ಲ ಎಂಬ ಅನುಭವ ಬೇರೆ. ನಿಮ್ಮ ರಿಪೋರ್ಟುಗಳು ಮೊದಲನೆಯದನ್ನು ಅಳೆದಿವೆ. ಎರಡನೆಯದನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ, ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು. ಹಸಿವಿನ ಹಾಗೆ. ಹೊಟ್ಟೆಯ ಸ್ಕ್ಯಾನ್ ನಾರ್ಮಲ್ ಇದೆ, ಹಾಗಾಗಿ ನಿನಗೆ ಹಸಿವಾಗಿಲ್ಲ ಎಂದು ಯಾರಾದರೂ ಹೇಳುತ್ತಾರಾ?

ಈ ಅನುಭವ ತಯಾರಾಗುವುದು ಮೆದುಳಿನಲ್ಲಿ. ಹೇಗೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಗೊತ್ತಾದರೆ ನಿಮ್ಮ ಅರ್ಧ ಭಯ ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವ.

ತಲೆಯ ಹಿಂಭಾಗದಲ್ಲಿ, ಕತ್ತು ಶುರುವಾಗುವ ಜಾಗದ ಹತ್ತಿರ, ಮೆದುಳಿನ ಕಾಂಡ ಇದೆ. ಉಸಿರಿನ ತಾಳ ಹುಟ್ಟುವುದು ಅಲ್ಲಿ. ನಿಮಿಷಕ್ಕೆ 12ರಿಂದ 20 ಸಲ, ನಿದ್ದೆಯಲ್ಲೂ, ನಮ್ಮನ್ನು ಕೇಳದೆ ಅದು ಕೆಲಸ ಮಾಡುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಸದಾ ನೋಡುವ ಜೀವಕೋಶಗಳೂ ಅಲ್ಲೇ ಇವೆ. ಆಮ್ಲಜನಕವನ್ನು ನೋಡುವ ಕಾವಲುಗಾರರು ಕತ್ತಿನ ಎರಡೂ ಬದಿಯ ದೊಡ್ಡ ರಕ್ತನಾಳಗಳ ಪಕ್ಕದಲ್ಲಿದ್ದಾರೆ. ಈ ವ್ಯವಸ್ಥೆಯನ್ನು ಕಂಡುಹಿಡಿದದ್ದಕ್ಕೆ ಬೆಲ್ಜಿಯಂನ ಕಾರ್ನೇಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಬಂತು.

ಮೆದುಳಿನ ಕಾಂಡ "ಉಸಿರು ಎಳೆದುಕೋ" ಎಂದು ಸ್ನಾಯುಗಳಿಗೆ ಆಜ್ಞೆ ಕಳಿಸುತ್ತದೆ. ಅದೇ ಆಜ್ಞೆಯ ಒಂದು ಪ್ರತಿ ಮೇಲಿನ ಮೆದುಳಿಗೂ ಹೋಗುತ್ತದೆ. ಇತ್ತ ಶ್ವಾಸಕೋಶ, ಪಕ್ಕೆಲುಬಿನ ಸ್ನಾಯು, ಮೂಗು, ಮುಖದ ಚರ್ಮ ಎಲ್ಲವೂ "ಇಷ್ಟು ಹಿಗ್ಗಿದೆವು, ಇಷ್ಟು ಗಾಳಿ ಬಂತು" ಎಂದು ವರದಿ ಕಳಿಸುತ್ತವೆ. ಕೇಳಿದ್ದಕ್ಕೂ ಬಂದದ್ದಕ್ಕೂ ಮೇಲಿನ ಮೆದುಳು ತಾಳೆ ನೋಡುತ್ತದೆ. ತಾಳೆಯಾದರೆ ಉಸಿರು ನಮ್ಮ ಗಮನಕ್ಕೇ ಬರುವುದಿಲ್ಲ. ಆಗದಿದ್ದರೆ ಸಂಕಟ. ಈ ತಾಳೆ ತಪ್ಪುವ ವಿಚಾರವನ್ನು ಮೋರನ್ ಕ್ಯಾಂಪ್‌ಬೆಲ್ ಮತ್ತು ಹೋವೆಲ್ ಎಂಬ ವೈದ್ಯರು 1960ರ ದಶಕದಲ್ಲೇ ಮುಂದಿಟ್ಟಿದ್ದರು. ಮುಂದೆ ಮೆದುಳಿನ ಸ್ಕ್ಯಾನ್ ಬಂದ ಮೇಲೆ ಇನ್ನೊಂದು ವಿಷಯ ತಿಳಿಯಿತು. ಉಸಿರಿಗಾಗಿ ಚಡಪಡಿಸುವಾಗ ಇನ್ಸುಲಾ ಎಂಬ ಭಾಗ ಚುರುಕಾಗುತ್ತದೆ. ನೋವು, ಬಾಯಾರಿಕೆಗಳಲ್ಲಿ ಚುರುಕಾಗುವ ಭಾಗವೂ ಅದೇ. ಪಕ್ಕದಲ್ಲೇ ಭಯಕ್ಕೆ ಸಂಬಂಧಿಸಿದ ಭಾಗಗಳೂ ಎಚ್ಚೆತ್ತುಕೊಳ್ಳುತ್ತವೆ. ಉಸಿರು ಸಿಗದಿದ್ದಾಗ ಪ್ರಾಣಭಯವಾಗುವುದು ನಿಮ್ಮ ದೌರ್ಬಲ್ಯವಲ್ಲ ತಾಯಿ. ನಮ್ಮೆಲ್ಲರ ಮೆದುಳಿನ ತಂತಿಗಳು ಜೋಡಣೆಯಾಗಿರುವುದೇ ಹಾಗೆ.

1954ರಲ್ಲಿ ಫೌಲರ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಇದನ್ನು ಹೇಳುತ್ತೇನೆ. ಕೆಲವರಿಗೆ ಇನ್ನು ಆಗುವುದೇ ಇಲ್ಲ ಎನ್ನುವವರೆಗೆ ಉಸಿರು ಹಿಡಿಯಲು ಹೇಳಿದರು. ಬಿಟ್ಟ ತಕ್ಷಣ ಅವರಿಗೆ ಒಳ್ಳೆಯ ಗಾಳಿ ಕೊಡಲಿಲ್ಲ. ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುವ ಕೆಟ್ಟ ಗಾಳಿಯನ್ನು ಚೀಲದಿಂದ ಕೆಲವು ಸಲ ಎಳೆದುಕೊಳ್ಳಲು ಕೊಟ್ಟರು. ಅವರ ರಕ್ತದ ಸ್ಥಿತಿ ಒಂದಿಷ್ಟೂ ಸುಧಾರಿಸಲಿಲ್ಲ. ಆದರೂ ಅವರಿಗೆ ಹಾಯೆನಿಸಿತು. ಮತ್ತೆ ಉಸಿರು ಹಿಡಿಯಲೂ ಸಾಧ್ಯವಾಯಿತು! ಎದೆ ಹಿಗ್ಗಿತು, ಶ್ವಾಸಕೋಶ ಅಲುಗಾಡಿತು ಎಂಬ ಸುದ್ದಿ ಮುಟ್ಟಿದ್ದೇ ಮೆದುಳಿಗೆ ಸಮಾಧಾನವಾಗಿತ್ತು. ಆಕಳಿಸಿದಾಗ ನಿಮಗೆ ಒಂದು ಕ್ಷಣ ಹಾಯೆನಿಸುವುದು ಇದರಿಂದಲೇ. ಆ ಕ್ಷಣದಲ್ಲಿ ಆಮ್ಲಜನಕ ಏನೂ ಏರಿರುವುದಿಲ್ಲ. ಅದು ಮೊದಲೇ 98 ಇತ್ತಲ್ಲ.

ಇದರ ತಿರುವುಮುರುವು ಕೋವಿಡ್ ಕಾಲದಲ್ಲಿ ಕಣ್ಣೆದುರೇ ನಡೆಯಿತು. ಒಬ್ಬ ಆಟೋ ಚಾಲಕರು ನಡೆದುಕೊಂಡೇ ಬಂದರು, ಫೋನಿನಲ್ಲಿ ಮಗನ ಜೊತೆ ಆರಾಮವಾಗಿ ಮಾತಾಡುತ್ತಿದ್ದರು. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 80ರ ಆಸುಪಾಸು. "ನಂಗೇನೂ ಆಗಿಲ್ಲ ಸಾರ್" ಎಂದರು. ಆಮ್ಲಜನಕ ಕುಸಿದಿದ್ದರೂ ಇಂಗಾಲದ ಡೈಆಕ್ಸೈಡ್ ಏರಿರಲಿಲ್ಲ. ಮೆದುಳನ್ನು ಜೋರಾಗಿ ಎಬ್ಬಿಸುವುದು ಆ ಎರಡನೆಯದು. ಆಸ್ತಮಾ ಇರುವವರಲ್ಲೂ ಕೆಲವರಿಗೆ ಶ್ವಾಸನಾಳ ಬಿಗಿದದ್ದು ಗೊತ್ತೇ ಆಗುವುದಿಲ್ಲ, ನನಗೆ ಹೆಚ್ಚು ಚಿಂತೆ ಅಂಥವರ ಬಗ್ಗೆಯೇ. ಹಾಗಾಗಿ ಸಂಕಟ ಎಷ್ಟಿದೆ ಎಂಬುದರಿಂದ ಅಪಾಯ ಎಷ್ಟಿದೆ ಎಂದು ಅಳೆಯಲಾಗದು. ಎರಡೂ ದಿಕ್ಕಿನಲ್ಲಿ ಇದು ನಿಜ.

ಇನ್ನೊಂದು ಮಾತು. ರೋಗಿಗಳು ಬಳಸುವ ಪದವನ್ನು ನಾನು ತುಂಬಾ ಗಮನ ಕೊಟ್ಟು ಕೇಳುತ್ತೇನೆ. ಏದುಸಿರು ಎಂದರೆ ಎದೆಗೆ ಕೆಲಸ ಜಾಸ್ತಿಯಾಗಿದೆ, ದುಡಿತದ ಅನುಭವ. ಎದೆ ಬಿಗಿ ಹಿಡಿಯುತ್ತದೆ ಎನ್ನುವವರಲ್ಲಿ ಆಸ್ತಮಾ ಹುಡುಕುತ್ತೇನೆ, ಹೃದಯವನ್ನೂ ನೋಡುತ್ತೇನೆ. ಉಸಿರು ಸಾಲುತ್ತಿಲ್ಲ ಎನ್ನುವುದು ಗಾಳಿಯ ಹಸಿವು. ಮೆದುಳಿನಲ್ಲಿ ಇವು ಮೂರೂ ಬೇರೆ ಬೇರೆ ಅನುಭವಗಳು ಎಂದು ಸಂಶೋಧನೆಗಳು ಹೇಳುತ್ತವೆ. ನಮ್ಮ ಅಜ್ಜಿಯರು ಮೊದಲೇ ಇವಕ್ಕೆ ಬೇರೆ ಬೇರೆ ಹೆಸರಿಟ್ಟಿದ್ದಾರೆ. ಆಸ್ಪತ್ರೆಯಲ್ಲಿ ಎಲ್ಲವನ್ನೂ "ಬ್ರೀದಿಂಗ್ ಪ್ರಾಬ್ಲಮ್" ಎಂದು ಒಂದೇ ಚೀಲಕ್ಕೆ ತುಂಬಬೇಡಿ, ನಿಮ್ಮ ಮಾತಿನಲ್ಲೇ ಹೇಳಿ. ನಿಮ್ಮದು ಮೂರನೆಯ ಬಗೆ. ಮೆಟ್ಟಿಲು ಹತ್ತುವಾಗ ಇಲ್ಲ, ಕೂತಾಗ ಇದೆ. ಹೃದಯ, ಶ್ವಾಸಕೋಶ ಸೋತಾಗ ಸಾಮಾನ್ಯವಾಗಿ ಇದು ಉಲ್ಟಾ ಇರುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಧೈರ್ಯ ಕೊಟ್ಟ ಸಾಲು ಅದು.

ಹಾಗಾದರೆ ತಾಳೆ ತಪ್ಪುತ್ತಿರುವುದು ಎಲ್ಲಿ?

ಮೆದುಳು ಒಳಗಿನಿಂದ ಬಂದ ಸುದ್ದಿಯನ್ನು ಬಂದ ಹಾಗೇ ಓದುವುದಿಲ್ಲ. ಹಿಂದಿನ ಅನುಭವ ನೋಡಿ, ಮುಂದೇನು ಬರಬಹುದೆಂದು ಊಹಿಸಿ, ಆ ಊಹೆಯ ಜೊತೆ ಸೇರಿಸಿ ಓದುತ್ತದೆ. ಮೂರು ವಾರ ನೀವು ಅಮ್ಮನ ಪಕ್ಕದಲ್ಲಿ ಕೂತು ಅವರ ಒಂದೊಂದು ಉಸಿರನ್ನೂ ಎಣಿಸಿದ್ದೀರಿ. ಉಸಿರು ಎಂದರೆ ಅಪಾಯ ಎಂದು ನಿಮ್ಮ ಮೆದುಳು ಆಗ ಕಲಿಯಿತು. ಕಲಿತದ್ದನ್ನು ಅದು ಮರೆತಿಲ್ಲ. ಈಗ ಉಸಿರಿನಲ್ಲಿ ಸಣ್ಣ ಏರುಪೇರಾದರೂ, ಎಲ್ಲರಿಗೂ ದಿನವಿಡೀ ಆಗುವಂಥದ್ದೇ ಆದರೂ, ನಿಮ್ಮಲ್ಲಿ ಗಂಟೆ ಹೊಡೆದುಕೊಳ್ಳುತ್ತದೆ. ಗಂಟೆ ಹೊಡೆದಾಗ ನೀವು ಉದ್ದಕ್ಕೆ ಉಸಿರು ಎಳೆಯುತ್ತೀರಿ. ಆಕ್ಸಿಮೀಟರ್ ಹಾಕುತ್ತೀರಿ. 98 ನೋಡಿ ಎರಡು ನಿಮಿಷ ನೆಮ್ಮದಿ, ಆದರೆ ಉಸಿರನ್ನು ಕಾಯುತ್ತಲೇ ಇರಬೇಕು ಎಂಬ ಪಾಠ ಮೆದುಳಿಗೆ ಇನ್ನಷ್ಟು ಗಟ್ಟಿಯಾಗುತ್ತದೆ. ಪೇಪರ್ ತಿದ್ದುವಾಗ, ಟಿವಿ ಮುಂದೆ ಕೂತಾಗ ಗಮನ ಒಳಗೆ ಹೋಗಲು ಜಾಗ ಸಿಗುತ್ತದೆ. ಮೆಟ್ಟಿಲು ಹತ್ತುವಾಗ ಸಿಗುವುದಿಲ್ಲ.

ಉದ್ದಕ್ಕೆ ಎಳೆಯುವುದರಲ್ಲಿ ಇನ್ನೊಂದು ಎಡವಟ್ಟಿದೆ. ನಾವೆಲ್ಲ ಗೊತ್ತಿಲ್ಲದೆಯೇ ಕೆಲವು ನಿಮಿಷಕ್ಕೊಮ್ಮೆ ನಿಟ್ಟುಸಿರು ಬಿಡುತ್ತೇವೆ. ಮುದುಡಿದ ಗಾಳಿಗೂಡುಗಳು ಅದರಿಂದ ಬಿಚ್ಚಿಕೊಳ್ಳುತ್ತವೆ. ನಿಮಗೆ ಅದೇ ನಿಮಿಷಕ್ಕೆ ಎರಡು ಮೂರು ಸಲ ಆಗುತ್ತಿರಬಹುದು. ಆಗ ಎದೆಯಲ್ಲಿ ಗಾಳಿ ತುಂಬಿಕೊಂಡೇ ಇರುತ್ತದೆ, ಪೂರ್ತಿ ಹೊರಗೆ ಹೋಗುವುದಿಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದರೆ ಎಲ್ಲಿ ಹಿಡಿಯಬೇಕು? ಆ ಬಾಕಿ ಉಳಿದ ಗುಟುಕು ಇದೇ. ಜೊತೆಗೆ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ. ಬೆರಳು, ತುಟಿ ಜುಮ್ ಅನ್ನುವುದು, ತಲೆ ಸುತ್ತುವುದು ಅದರಿಂದ. ಕಪಾಲಭಾತಿಯಲ್ಲಿ ತಲೆ ಸುತ್ತಿದ್ದೂ ಬಹುಶಃ ಇದಕ್ಕೇ.

ಈಗ ನಿಮ್ಮ ಕಿವಿಗೆ ಬಿದ್ದ ಮಾತುಗಳಿಗೆ ಬರೋಣ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ನಿಜ. ಕುಂದಾಪುರಕ್ಕೆ ಹೋಲಿಸಿದರೆ ಗಾಳಿಯ ಒತ್ತಡ ಸುಮಾರು ನೂರಕ್ಕೆ ಹತ್ತು ಭಾಗ ಕಡಿಮೆ. ಆರೋಗ್ಯವಂತ ದೇಹಕ್ಕೆ ಅದು ತಿಳಿಯುವುದೂ ಇಲ್ಲ. ನಿಮ್ಮ 98 ಅದಕ್ಕೆ ಸಾಕ್ಷಿ. ಆದರೆ ಕುಂದಾಪುರದಲ್ಲಿ ಚೆನ್ನಾಗಿದ್ದಿರಿ ಎಂಬುದನ್ನು ನಾನು ತಳ್ಳಿಹಾಕುವುದಿಲ್ಲ. ಅಕ್ಕನ ಜೊತೆಯ ನೆಮ್ಮದಿ ಇರಬಹುದು. ಇಲ್ಲಿನ ಪರಾಗ, ಕಟ್ಟಡಗಳ ಧೂಳು, ವಾಹನದ ಹೊಗೆ ಅಲ್ಲಿಲ್ಲದೆ ಇರುವುದೂ ಇರಬಹುದು. ಎರಡನೆಯದಾದರೆ ಸೌಮ್ಯ ಆಸ್ತಮಾ ಇದೆಯೇ ಎಂದು ನೋಡಲೇಬೇಕು. ಎಕ್ಸ್‌-ರೇಯಲ್ಲಿ ಆಸ್ತಮಾ ಸಾಮಾನ್ಯವಾಗಿ ಕಾಣುವುದಿಲ್ಲ.

ಆಕ್ಸಿಜನ್ ಕ್ಯಾನ್, ಮನೆಯಲ್ಲಿ ಸಿಲಿಂಡರ್ ಬೇಡ. 2010ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಕಾಯಿಲೆ ಬಹಳ ಮುಂದುವರಿದು ದಮ್ಮು ಕಟ್ಟುತ್ತಿದ್ದ, ಆದರೆ ಆಮ್ಲಜನಕ ತೀರಾ ಕಡಿಮೆಯಾಗಿರದ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂಗಿನ ಕೊಳವೆಯಲ್ಲಿ ಆಮ್ಲಜನಕ, ಇನ್ನೊಂದಕ್ಕೆ ಬರೀ ಕೋಣೆಯ ಗಾಳಿ. ಇಬ್ಬರಿಗೂ ಒಂದೇ ರೀತಿ ಉಪಶಮನವಾಯಿತು. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯವನ್ನೂ ಮಾಡಬೇಡಿ. ಒಳಗೆ ನಿಜವಾಗಿ ಹೃದಯಾಘಾತವೋ ಆಸ್ತಮಾವೋ ಇದ್ದರೆ ಅದು ಪ್ರಾಣಕ್ಕೇ ಅಪಾಯ. ಗ್ಯಾಸ್ ಎಂದದ್ದು ಪೂರ್ತಿ ಸುಳ್ಳಲ್ಲ. ಹೊಟ್ಟೆ ಉಬ್ಬರಿಸಿದರೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಕೆಳಗಿಳಿಯಲು ಕಷ್ಟ, ಅನುಭವ ಸ್ವಲ್ಪ ಜಾಸ್ತಿಯಾಗುತ್ತದೆ. ಐದು ತಿಂಗಳ ಕಥೆಗೆ ಅದೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ.

"ಎಲ್ಲಾ ನಾರ್ಮಲ್" ಎಂದು ನಿಮ್ಮ ಯಜಮಾನರು ಹೇಳುವ ಮುಂಚೆ ಇನ್ನೂ ಮೂರು ಪರೀಕ್ಷೆ ಆಗಬೇಕು. ಹಿಮೋಗ್ಲೋಬಿನ್ ಎಷ್ಟಿದೆ? ನೀವು ಬರೆದಿಲ್ಲ. ಆಕ್ಸಿಮೀಟರ್ ಬಸ್ಸಿನ ಸೀಟುಗಳು ತುಂಬಿವೆಯೇ ಎಂದು ಹೇಳುತ್ತದೆ, ರಸ್ತೆಯಲ್ಲಿ ಒಟ್ಟು ಎಷ್ಟು ಬಸ್ಸುಗಳಿವೆ ಎಂದು ಹೇಳುವುದಿಲ್ಲ. ಹಿಮೋಗ್ಲೋಬಿನ್ 8 ಇದ್ದರೂ ಅದು 98 ತೋರಿಸೀತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಇದನ್ನು ನಾಳೆಯೇ ಮಾಡಿಸಿ. ಎರಡನೆಯದು ಥೈರಾಯ್ಡ್. ಮೂರನೆಯದು ಸ್ಪೈರೋಮೆಟ್ರಿ, ಅಂದರೆ ಊದುವ ಪರೀಕ್ಷೆ. ತೊಂದರೆ ಇಲ್ಲದ ಹೊತ್ತಿನಲ್ಲಿ ಆಸ್ತಮಾ ಇರುವವರಿಗೂ ಇದು ನಾರ್ಮಲ್ ಬರಬಹುದು. ಅದಕ್ಕೇ ಪೀಕ್ ಫ್ಲೋ ಮೀಟರ್ ಎಂಬ ಚಿಕ್ಕ ಉಪಕರಣ ತಂದು ಎರಡು ವಾರ ಬೆಳಗ್ಗೆ, ಸಂಜೆ ಊದಿ ಬರೆದಿಡಬೇಕು. ಅಂಕಿ ತುಂಬಾ ಏರಿಳಿದರೆ ಆಸ್ತಮಾ ಸಂಶಯ ಗಟ್ಟಿಯಾಗುತ್ತದೆ. ಬಾಲ್ಕನಿಯಲ್ಲಿ ಪಾರಿವಾಳಗಳು ಗೂಡು ಕಟ್ಟಿದ್ದರೆ ಅದನ್ನೂ ನಿಮ್ಮ ವೈದ್ಯರಿಗೆ ಹೇಳಿ. ಅವುಗಳ ಹಿಕ್ಕೆ, ಗರಿಯ ಧೂಳಿನಿಂದ ಶ್ವಾಸಕೋಶ ಊದಿಕೊಂಡವರನ್ನು ಈ ಊರಿನಲ್ಲಿ ನೋಡುತ್ತಲೇ ಇರುತ್ತೇವೆ.

ಇವೆಲ್ಲ ಸರಿಯಿದ್ದರೆ ಮುಂದಿನ ದಾರಿ ಮೆದುಳಿಗೆ ಮತ್ತೆ ಪಾಠ ಹೇಳಿಕೊಡುವುದು. ಇದು ಆಗುವ ಕೆಲಸ. ಸಿಓಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಇದ್ದವರು ಕೆಲವು ವಾರ ವ್ಯಾಯಾಮ, ತಿಳಿವಳಿಕೆಯ ತರಬೇತಿ ಪಡೆದ ಮೇಲೆ, ದಮ್ಮಿಗೆ ಸಂಬಂಧಿಸಿದ ಮಾತುಗಳಿಗೆ ಅವರ ಮೆದುಳು ಸ್ಪಂದಿಸುವ ರೀತಿ ಬದಲಾದದ್ದನ್ನು ಆಕ್ಸ್‌ಫರ್ಡ್‌ನ ಸಂಶೋಧಕರು ಸ್ಕ್ಯಾನ್‌ನಲ್ಲಿ ತೋರಿಸಿದ್ದಾರೆ. ಕಾಯಿಲೆ ಇದ್ದ ಶ್ವಾಸಕೋಶದವರಿಗೇ ಆಗುವುದಾದರೆ ನಿಮಗೆ ಏಕಾಗಬಾರದು?

ದಿನಕ್ಕೆ ಎರಡು ಸಲ, ಸಂಕಟ ಇಲ್ಲದ ಹೊತ್ತಿನಲ್ಲಿ, ಐದು ನಿಮಿಷ ಕೂರಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಮೂಗಿನಲ್ಲಿ ಮೆಲ್ಲಗೆ ಮೂರು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ದೊಡ್ಡ ಉಸಿರು ಬೇಡ, ಸಣ್ಣದು ಸಾಕು. ಕೊಡ ಖಾಲಿ ಮಾಡುವುದೇ ಇಲ್ಲಿನ ಕೆಲಸ, ತುಂಬುವುದು ತಾನಾಗಿ ಆಗುತ್ತದೆ. ಮೊದಲ ವಾರ ಗಾಳಿಯ ಹಸಿವು ಸ್ವಲ್ಪ ಜಾಸ್ತಿ ಅನ್ನಿಸಬಹುದು, ಹೆದರಬೇಡಿ. ತಡೆಯಲು ಆಗದಿದ್ದರೆ ನಿಲ್ಲಿಸಿ. ಕಪಾಲಭಾತಿ, ಭಸ್ತ್ರಿಕಾ ಈಗ ಬಿಟ್ಟುಬಿಡಿ. ಪ್ರಾಣಾಯಾಮದ ಬಗ್ಗೆ ನನಗೆ ಗೌರವವಿದೆ, ನಿಧಾನದ ನಾಡಿಶೋಧನ ನಿಮಗೆ ಒಗ್ಗಬಹುದು. ಆದರೆ ಜೋರಾಗಿ ಊದುವಂಥವು ನಿಮ್ಮ ತೊಂದರೆಯನ್ನೇ ಹೆಚ್ಚಿಸುತ್ತವೆ.

ಸಂಕಟ ಬಂದಾಗ ಒಂದು ಚಿಕ್ಕ ಫ್ಯಾನನ್ನು ಮೂಗು, ಕೆನ್ನೆಗೆ ಗಾಳಿ ಬೀಳುವ ಹಾಗೆ ಹಿಡಿಯಿರಿ. ಮುಖದ ನರದ ಮೂಲಕ "ಗಾಳಿ ಬರುತ್ತಿದೆ" ಎಂಬ ಸುದ್ದಿ ಮೆದುಳಿಗೆ ಹೋಗುತ್ತದೆ. ಪ್ರಯೋಗದಲ್ಲಿ ಪರೀಕ್ಷೆಯಾದ ಉಪಾಯ ಇದು, ಇದರಿಂದ ಹಾನಿಯಿಲ್ಲ. ಪ್ರತಿ ಸಂಜೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಏದುಸಿರು ಬಂದೂ ಏನೂ ಆಗಲಿಲ್ಲ ಎಂದು ಮೆದುಳು ನೋಡಬೇಕು. ಆಕ್ಸಿಮೀಟರನ್ನು ಯಜಮಾನರ ಕೈಗೆ ಕೊಟ್ಟುಬಿಡಿ. ವಾರಕ್ಕೊಮ್ಮೆ ಸಾಕು. ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ ಅನ್ನಿಸೀತು.

ಆಲ್‌ಪ್ರಜೋಲಮ್ ಚೀಟಿಯಿಲ್ಲದೆ ಕೊಡಬಾರದ ಮಾತ್ರೆ. ಭಯ ತಕ್ಷಣ ಇಳಿಸುತ್ತದೆ, ಆದರೆ ಬೇಗ ಅಭ್ಯಾಸವಾಗಿಬಿಡುತ್ತದೆ. ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ನಿಲ್ಲುವವರಿಗೆ, ಸಿಓಪಿಡಿ ಇರುವವರಿಗೆ ಉಸಿರನ್ನೇ ಕುಗ್ಗಿಸಬಹುದು. ಒಂದೆರಡು ಸಲ ನುಂಗಿದ್ದರೆ ಅಲ್ಲಿಗೇ ಬಿಡಿ. ವಾರಗಟ್ಟಲೆ ದಿನವೂ ನುಂಗಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ ಮೆಲ್ಲಗೆ ಇಳಿಸಿ. ಪ್ಯಾನಿಕ್ ತೊಂದರೆ ನಿಜಕ್ಕೂ ಇದ್ದರೆ ಅಭ್ಯಾಸವಾಗದ ಬೇರೆ ಮಾತ್ರೆಗಳಿವೆ. ಅವು ಕೆಲಸ ಶುರುಮಾಡಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ತಳಮಳ ಹೆಚ್ಚಿಸಲೂಬಹುದು. ಇನ್‌ಹೇಲರ್ ಅನ್ನು ಆಸ್ತಮಾ ಖಚಿತವಾಗದೆ ಸುಮ್ನೆ ಶುರುಮಾಡಬೇಡಿ. ತಕ್ಷಣಕ್ಕೆ ಎಳೆಯುವ ಕೆಲವು ಇನ್‌ಹೇಲರ್‌ಗಳು ಎದೆ ಡವಗುಟ್ಟಿಸುತ್ತವೆ, ಅದೇ ಹೊಸ ಭಯವಾಗುತ್ತದೆ.

ಅಮ್ಮನ ವಿಷಯ ಯಾರ ಹತ್ತಿರವಾದರೂ ಮಾತಾಡಿದ್ದೀರಾ? ನಿಮ್ಹಾನ್ಸ್‌ನಲ್ಲಿ ಇಂಥ ದುಃಖ, ಭಯಗಳಿಗೆ ಮಾತಿನ ಚಿಕಿತ್ಸೆ ಸಿಗುತ್ತದೆ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಅಲ್ಲಿಗೆ ಹೋದರೆ ನಿಮ್ಮ ಕಾಯಿಲೆ ಸುಳ್ಳು ಎಂದು ಒಪ್ಪಿಕೊಂಡ ಹಾಗಲ್ಲ. ಮೆದುಳಿನಲ್ಲಿ ಕೂತ ಪಾಠವನ್ನು ಬಿಡಿಸಲು ಗೊತ್ತಿರುವವರು ಅಲ್ಲಿದ್ದಾರೆ, ಅಷ್ಟೇ.

ಇಷ್ಟೆಲ್ಲ ಹೇಳಿದ್ದು ನಿಮ್ಮ ಈಗಿನ ಲಕ್ಷಣಗಳಿಗೆ ಮಾತ್ರ. ಮಲಗಿದರೆ ದಮ್ಮು ಕಟ್ಟಿ ಎದ್ದು ಕೂರಬೇಕಾದರೆ, ಕಾಲು ಊದಿಕೊಂಡರೆ, ಕಫದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ಎದೆನೋವು ಕೈಗೋ ದವಡೆಗೋ ಹರಿದರೆ, ಒಂದೇ ಕಾಲಿನ ಮೀನಖಂಡ ಊದಿ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಒಂದು ವಾಕ್ಯ ಮುಗಿಸಲು ಆಗದಿದ್ದರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ. ಆಗ ಉಸಿರಿನ ಅಭ್ಯಾಸ ಮಾಡುತ್ತಾ ಕೂರಬಾರದು.

ಪೀಕ್ ಫ್ಲೋ ಪಟ್ಟಿ ಎರಡು ವಾರ ತುಂಬಿದ ಮೇಲೆ ಹಿಮೋಗ್ಲೋಬಿನ್ ರಿಪೋರ್ಟಿನ ಜೊತೆ ಮತ್ತೆ ಬರೆಯಿರಿ. ಮುಂದಿನ ರಜೆಗೆ ಅಕ್ಕನ ಮನೆಗೆ ಹೋಗುವಾಗ ಮೀಟರನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಕುಂದಾಪುರದ ಅಂಕಿ ಮತ್ತು ಬಸವೇಶ್ವರನಗರದ ಅಂಕಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ.